ದೊಡ್ಡ ಧಣಿಯ ಮೂಗು

ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಮೇಸ್ತ್ರಿಗೆ ಈ ಜಗತ್ತಿನಲ್ಲಿ ಸಹಿಸಲಾಗದ ವಸ್ತು ಒಂದೇ ಇತ್ತು. ಅದು ಅವನ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಈ ಮನುಷ್ಯ ಅದೇ ಕ್ವಾರಿಯಲ್ಲಿ ಕಲ್ಲು ಆರಿಸುವವನು. ಆರಿಸುವುದೆಂದರೆ ಏನು ಮಹಾ? ಬಂಡೆಯ ಮೇಲೆ ಒಂದು ಬಕೆಟ್ ನೀರು ಸುರಿಯಬೇಕು, ಅದು ಆರುವುದನ್ನು ನೋಡುತ್ತ ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕು, ಎಲ್ಲಾದರೂ ಒದ್ದೆಯ ಗೆರೆ ಉಳಿದರೆ ‘ಬಿರುಕು’ ಎನ್ನಬೇಕು. ಮೇಸ್ತ್ರಿಯಾದರೋ ಬೆಟ್ಟವನ್ನೇ ಕೆಳಗಿಳಿಸುವವನು. ಅವನು ಗುಂಡಿ ಒತ್ತಿದರೆ ಮೂರು ಊರಾಚೆಯ ಎಮ್ಮೆಗಳು ಹಾಲು ಇಳಿಸುವುದನ್ನು ಮರೆಯುತ್ತಿದ್ದವು, ಮೋಡಗಳು ದಾರಿ ಬದಲಿಸುತ್ತಿದ್ದವು, ಹುಟ್ಟುಕಿವುಡರು ‘ಯಾರದು?’ ಎಂದು ಕೇಳುತ್ತಿದ್ದರು.

ಊರು ಎನ್ನುವುದೇ ಕ್ವಾರಿಯ ಒಂದು ಚೂರು. ಮೆಟ್ಟಿಲು, ಹೊಸ್ತಿಲು, ಬಟ್ಟೆ ಒಗೆಯುವ ಕಲ್ಲು, ಶಾಲೆಯ ಬೆಂಚು ಎಲ್ಲ ಅಲ್ಲಿಂದಲೇ ಬಂದವು. ಗೋಡೆಗಳ ಬಿರುಕು ಕೂಡ. ಬಿರುಕು ಬಿಟ್ಟಿತೆಂದು ದೂರು ಕೊಟ್ಟವರಿಗೆ ಕ್ವಾರಿಯ ಧಣಿ ಒಂದು ಕಲ್ಲಿನ ಬೆಂಚು ಕಳಿಸುತ್ತಿದ್ದರು. ಹಾಗಾಗಿ ಊರಿನಲ್ಲಿ ಕೂರುವವರಿಗಿಂತ ಬೆಂಚುಗಳೇ ಹೆಚ್ಚು. ಧೂಳಿನಿಂದಾಗಿ ಅಲ್ಲಿ ಎಲ್ಲರಿಗೂ ಒಂದೇ ವಯಸ್ಸು. ಹಾಲುಗಲ್ಲದ ಮಕ್ಕಳಿಗೂ ನರೆತ ಹುಬ್ಬು. ಮಧ್ಯಾಹ್ನದ ಸ್ಫೋಟ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಆ ಊರಿನಲ್ಲಿ ಸೂರ್ಯನೂ ಮೇಸ್ತ್ರಿಯ ಅಪ್ಪಣೆ ಕೇಳಿಯೇ ನೆತ್ತಿಯಿಂದ ಇಳಿಯುತ್ತಾನೆ ಎಂಬುದು ಮೇಸ್ತ್ರಿಯ ಖಚಿತ ಅಭಿಪ್ರಾಯವಾಗಿತ್ತು.

ಇಷ್ಟೆಲ್ಲ ಇರುವಾಗ, ಹಳೆಯ ಮ್ಯಾನೇಜರ್ ಕಣ್ಣು ಮಂಜಾಗಿ ಕೆಲಸ ಬಿಡುತ್ತೇನೆಂದಾಗ ಆ ಕುರ್ಚಿ ಯಾರಿಗೆ ಎಂದು ಯೋಚಿಸುವ ಅಗತ್ಯವಾದರೂ ಏನಿತ್ತು? ಮೇಸ್ತ್ರಿ ಆಗಲೇ ಒಂದು ಜೊತೆ ಕರಿಯ ಬೂಟು ಕೊಂಡು, ದಿನಾ ಬೆಳಿಗ್ಗೆ ಮಂಚದ ಮೇಲೆ ಕೂತೇ ಅದನ್ನು ಹಾಕಿ ಪಳಗಿಸುತ್ತಿದ್ದ. ನೆಲಕ್ಕೆ ತಾಗಿಸಿದರೆ ಧೂಳಾಗುತ್ತದಲ್ಲ! ಆದರೆ ಧಣಿಗೆ ಬೇರೆಯೇ ಒಂದು ಹುಚ್ಚು ಹತ್ತಿತು. ತೀರಿಕೊಂಡ ತಮ್ಮ ತಂದೆಯ, ಅಂದರೆ ದೊಡ್ಡ ಧಣಿಯ, ಎದೆಮಟ್ಟದ ಪ್ರತಿಮೆಯನ್ನು ಊರ ಚೌಕದಲ್ಲಿ ನಿಲ್ಲಿಸಬೇಕು, ಅದೂ ಇದೇ ಕ್ವಾರಿಯ ಕಲ್ಲಿನಲ್ಲಿ. ಕಲ್ಲು ಆರಿಸಿದ್ದು ಷಡ್ಡಕ. ‘ಪ್ರತಿಮೆ ನೆಟ್ಟಗೆ ನಿಂತರೆ ಕಲ್ಲು ಆರಿಸಿದವನೇ ಮ್ಯಾನೇಜರ್’ ಎಂದು ಧಣಿ ಎಲ್ಲರೆದುರು ಘೋಷಿಸಿದರು. ಬೂಟುಗಳು ಮಂಚದ ಕೆಳಗೆ ಅನಾಥವಾದವು.

ಆ ಭಾನುವಾರ ಷಡ್ಡಕನ ಮನೆಯಲ್ಲಿ ಊಟ. ಅತ್ತೆ ಚಿಕ್ಕ ಮಗಳ ಜೊತೆಗೇ ಇರುವವರು, ಬಡಿಸುತ್ತ ಹೇಳಿದರು: “ನಮ್ಮ ಚಿಕ್ಕ ಅಳಿಯಂದ್ರು ಕಲ್ಲು ನೋಡೋದು ಅಂದ್ರೆ ಡಾಕ್ಟ್ರು ಎಕ್ಸ್‌ರೇ ನೋಡಿದ ಹಾಗೆ.”

ಮೇಸ್ತ್ರಿಯ ಮುಖ ನೋಡಿ ಅವರಿಗೆ ಕನಿಕರ ಬಂತು. “ನೀವೇನು ಕಮ್ಮಿ ಅಲ್ಲ ಬಿಡಿ ಅಳಿಯಂದ್ರೇ. ಒಡೆಯೋರೂ ಬೇಕಲ್ವಾ.”

“ಅಣ್ಣ, ನಾನು ಮ್ಯಾನೇಜರ್ ಆದ್ಮೇಲೂ ನಿಮ್ಮನ್ನ ಅಣ್ಣ ಅಂತಲೇ ಕರೀತೀನಿ,” ಎಂದ ಷಡ್ಡಕ, ಬಾಯಿತುಂಬ ತುತ್ತಿಟ್ಟುಕೊಂಡು. “ಕೆಲಸದ ಹೊತ್ತಲ್ಲಿ ಮಾತ್ರ ನೀವು ನನ್ನ ಸಾರ್ ಅನ್ಬೇಕಾಗುತ್ತೆ. ನಾಲ್ಕು ಜನರ ಮುಂದೆ ಚೆನ್ನಾಗಿರಲ್ಲ ನೋಡಿ.”

“ರೀ, ಇನ್ನೊಂಚೂರು ಹಾಕ್ಲಾ?” ಎಂದಳು ಹೆಂಡತಿ.

“ಬೇಡ. ಹೊಟ್ಟೆ ತುಂಬಿತು,” ಎಂದ ಮೇಸ್ತ್ರಿ.

ಕೈ ತೊಳೆಯುವಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು. ಬೇರೆಯವರಿಗೆ ಇಂಥದ್ದು ಹೊಳೆಯಲು ಏಳು ಜನ್ಮ ಬೇಕು.

ದೊಡ್ಡ ಧಣಿಯ ಮೂಗು ಸಾಮಾನ್ಯ ಮೂಗಲ್ಲ. ಅವರು ಬದುಕಿದ್ದಾಗ ಮೊದಲು ಮೂಗು ಆಫೀಸಿನೊಳಗೆ ಬರುತ್ತಿತ್ತು, ಗುಮಾಸ್ತರು ಎದ್ದು ನಿಂತು ಕೈಮುಗಿದು ಕೂತ ಮೇಲೆ ಧಣಿ ಬರುತ್ತಿದ್ದರು. ಶಿಲ್ಪಿ ನಿಷ್ಠಾವಂತ, ಒಂದು ಗುಲಗಂಜಿಯಷ್ಟೂ ಕಮ್ಮಿ ಮಾಡಿರಲಿಲ್ಲ. ಅಷ್ಟು ಮುಂದಕ್ಕೆ ಚಾಚಿದ ಕಲ್ಲು ಎಷ್ಟು ಬಡಪಾಯಿ ಎಂದು ಮೇಸ್ತ್ರಿಗಲ್ಲದೆ ಇನ್ಯಾರಿಗೆ ಗೊತ್ತು? ಬುಡದ ಸುತ್ತ ಸಣ್ಣ ಉಳಿಯಿಂದ ಮೆಲ್ಲಗೆ ಏಟು ಹಾಕುತ್ತ ಬಂದರೆ ಮೂಗು ಕೂದಲೆಳೆಯಲ್ಲಿ ನೇತಾಡುತ್ತದೆ. ಆಮೇಲೆ ಸ್ಫೋಟ. ನೆಲ ನಡುಗುತ್ತದೆ, ಮೂಗು ತಾನಾಗಿಯೇ ಉದುರಿ, ಪ್ರತಿಮೆಗೆ ಹೊದಿಸಿದ ಬಟ್ಟೆಯೊಳಗೆ ಬೀಳುತ್ತದೆ. ಮರುದಿನ ಅನಾವರಣ: ಭಾಷಣ, ಹಾರ, ಚಪ್ಪಾಳೆ. ಧಣಿ ಹಗ್ಗ ಎಳೆಯುತ್ತಾರೆ. ಬಟ್ಟೆ ಜಾರುತ್ತದೆ. ಅಪ್ಪ ಇರುತ್ತಾರೆ, ಅಪ್ಪನ ಮೂಗು ಇರುವುದಿಲ್ಲ. ಕಲ್ಲಿನಲ್ಲಿ ಒಳಬಿರುಕಿತ್ತು, ಆರಿಸಿದವನಿಗೆ ಕಣ್ಣಿಲ್ಲ ಎಂದು ಊರೇ ಹೇಳುತ್ತದೆ. ಮೇಸ್ತ್ರಿ ಮಾತ್ರ ಷಡ್ಡಕನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಡುತ್ತಾನೆ, ಅಷ್ಟೆ.

ಅವನ ಮೇಲೆ ಸಂಶಯ? ಹೇಗೆ ಸಾಧ್ಯ! ಕಳ್ಳರು, ಕೊಲೆಗಾರರು ‘ಆಗ ನಾನು ಅಲ್ಲಿರಲಿಲ್ಲ’ ಎಂದು ಸಾಬೀತು ಮಾಡಲು ಒಬ್ಬಿಬ್ಬರು ಸಾಕ್ಷಿಗಳನ್ನು ಹುಡುಕಿ ಸಾಯುತ್ತಾರೆ. ಇವನ ಸಾಕ್ಷಿಯನ್ನು ಇಡೀ ಸೀಮೆ ಕಿವಿಯಾರೆ ಕೇಳುತ್ತದೆ. ಸ್ಫೋಟವಾಯಿತೆಂದರೆ ಮೇಸ್ತ್ರಿ ಗುಡ್ಡದ ಮೇಲಿನ ತನ್ನ ಕಲ್ಲಿನ ಗೂಡಿನಲ್ಲಿ ಕೂತು ಗುಂಡಿ ಒತ್ತಿದ ಎಂದೇ ಅರ್ಥ. ಬೇರೆ ಯಾರೂ ಆ ಗೂಡಿನೊಳಗೆ ಕಾಲಿಡುವಂತಿಲ್ಲ. ಆ ದಿನ ಗುಂಡಿಯ ಬದಲು ನಿಧಾನಕ್ಕೆ ಉರಿಯುವ ಹಳೇ ಕಾಲದ ಬತ್ತಿ ಅವನ ಕೆಲಸ ಮಾಡುತ್ತದೆ. ಸೈರನ್ನಿಗೆ ಸ್ವಿಚ್ ಹಾಕಿಬಿಟ್ಟರೆ ಅದು ತನ್ನಷ್ಟಕ್ಕೆ ಕೂಗುತ್ತಿರುತ್ತದೆ. ಕೆಲಸಗಾರರೆಲ್ಲ ಗುಡ್ಡದ ಆಚೆ ಮಗ್ಗುಲಲ್ಲಿ ಕಿವಿ ಮುಚ್ಚಿ ಕೂತಿರುತ್ತಾರೆ. ಈಚೆ ಕಾಲುದಾರಿಯಲ್ಲಿ ಬೈಕು ಇಳಿದರೆ ಚೌಕ, ಮತ್ತೆ ಹತ್ತಿದರೆ ಗೂಡು.

ಊರಿನವರು? ಅದಕ್ಕೂ ಮೇಸ್ತ್ರಿ ಎಂದೋ ವ್ಯವಸ್ಥೆ ಮಾಡಿಯಾಗಿತ್ತು. ಪ್ರತಿ ಬೀದಿಯ ಮೂಲೆಯಲ್ಲೂ ಕೆಂಪು ಅಕ್ಷರದ ಫಲಕ: ‘ಸೈರನ್ ಕೂಗಿದಾಗ ಯಾರೂ ಮನೆಯಿಂದ ಹೊರಬರಕೂಡದು. ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚತಕ್ಕದ್ದು.’ ಆ ಒಕ್ಕಣೆ ಅವನದೇ. ‘ಮುಚ್ಚಬೇಕು’ ಎಂದು ಬರೆದಿದ್ದ ಪೇಂಟರನಿಗೆ ಗದರಿ ‘ತಕ್ಕದ್ದು’ ಮಾಡಿಸಿದ್ದ. ತಕ್ಕದ್ದು ಎಂದಮೇಲೆ ಯಾರಿಗೆ ಎದೆಗಾರಿಕೆ? ಇಷ್ಟು ವರ್ಷಗಳಲ್ಲಿ ಊರಿನಲ್ಲಿ ಒಬ್ಬರಿಗೂ ಕಲ್ಲು ಸಿಡಿದು ಗಾಯವಾಗಿಲ್ಲ. ಆಜ್ಞಾಪಾಲನೆಗೆ ಬೇರೆ ಪುರಾವೆ ಬೇಕೆ?

ಮಹಾನ್ ಕಲಾವಿದನಂತೆ ಅವನು ಅಭ್ಯಾಸವನ್ನೂ ಮಾಡಿದ. ಹಿತ್ತಿಲಿನಲ್ಲಿ ಬೇಡದ ಕಲ್ಲುಗಳಿಂದ ಮೂಗು ಕೆತ್ತುವುದು, ಬುಡಕ್ಕೆ ಉಳಿ ಕೊಡುವುದು, ಪಕ್ಕದಲ್ಲಿ ನೆಲಕ್ಕೆ ಒನಕೆಯಿಂದ ಗುದ್ದುವುದು. ಮೊದಮೊದಲು ಮೂಗಿನ ಜೊತೆ ಮುಖವೂ ಒಡೆಯುತ್ತಿತ್ತು. ಕೊನೆಕೊನೆಗೆ ಕೈ ಎಷ್ಟು ಹದಕ್ಕೆ ಬಂತೆಂದರೆ ಅವನು ಕಣ್ಣು ಕೆಂಪು ಮಾಡಿದರೂ ಮೂಗು ಉದುರುತ್ತಿತ್ತು.

“ಏನ್ರೀ ಇದು, ಹಿತ್ತಲ ತುಂಬ ಬರೀ ಮೂಗು?” ಎಂದು ಹೆಂಡತಿ ಬಟ್ಟೆ ಒಣಹಾಕುತ್ತ ಕೇಳಿದಳು.

“ಹವ್ಯಾಸ.”

“ಕಿವೀನಾದ್ರೂ ಕೆತ್ತಿ. ಹೇಳಿದ್ದು ಕೇಳಿಸ್ಕೊಳ್ಳುತ್ತೆ.”

ಆ ಮೂಗುಗಳನ್ನೆಲ್ಲ ಅವನು ಚೀಲದಲ್ಲಿ ತುಂಬಿ ಕ್ರಷರಿಗೆ ಹಾಕಿದ. ಜಲ್ಲಿಯಾಗಿ ಹೊರಬಿದ್ದು ಅವು ಹೊಸ ರಸ್ತೆಯ ಪಾಲಾದವು. ಸುಳಿವನ್ನು ಇಷ್ಟು ಚೆನ್ನಾಗಿ ಅಳಿಸಿದ ಅಪರಾಧಿ ಚರಿತ್ರೆಯಲ್ಲೇ ಇಲ್ಲ. ಲಾರಿಗಳು ಇಂದಿಗೂ ಅದರ ಮೇಲೆ ಓಡಾಡುತ್ತಿವೆ.

ಅನಾವರಣದ ಹಿಂದಿನ ದಿನ ಬಂತು. ಧಣಿ ಬಂದು ಚೌಕದ ಪಕ್ಕದ ಗೆಸ್ಟ್‌ಹೌಸಿನಲ್ಲಿ ಇಳಿದಿದ್ದರು. ಊಟ ಮಾಡಿ ಮಲಗಿದರೆ ಭೂಮಿ ಬಾಯಿ ಬಿಟ್ಟರೂ ಏಳುವವರಲ್ಲ ಎಂದು ಅವರ ಡ್ರೈವರನಿಂದ ಮೇಸ್ತ್ರಿ ತಿಳಿದುಕೊಂಡಿದ್ದ. ಷಡ್ಡಕ ಕ್ವಾರಿಯಲ್ಲೇ ಇದ್ದ. ಕೆಲಸಗಾರರ ಜೊತೆ ಗುಡ್ಡದ ಆಚೆಗೆ ಹೊರಟವನು ಒಮ್ಮೆ ತಿರುಗಿ, “ಅಣ್ಣ, ಇವತ್ತು ಸ್ವಲ್ಪ ಮೆಲ್ಲಗೆ ಸಿಡಿಸಿ, ನಾಳೆ ಕಾರ್ಯಕ್ರಮ ಇದೆ,” ಎಂದ.

“ಆಗ್ಲಿ ಸಾರ್,” ಎಂದ ಮೇಸ್ತ್ರಿ. ಆ ಒಂದು ಮಾತನ್ನು ನೆನೆದು ಆಮೇಲೆ ಜೀವನವಿಡೀ ನಗಬಹುದು ಎಂದು ಅವನಿಗೆ ಖುಷಿಯಾಯಿತು.

ಸೈರನ್ನಿನ ಸ್ವಿಚ್ ಹಾಕಿದ. ಬತ್ತಿಗೆ ಕಡ್ಡಿ ಗೀರಿದ. ಬೈಕು ಕಾಲುದಾರಿಯಲ್ಲಿ ಇಳಿಯಿತು ಎನ್ನುವುದಕ್ಕಿಂತ ಹಾರಿತು ಎನ್ನಬೇಕು. ಅರ್ಧ ದಾರಿಯಲ್ಲಿ ಅವನು ತನ್ನದೇ ನೆರಳನ್ನು ಹಿಂದೆ ಹಾಕಿದ. ಚೌಕ ತಲುಪಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಮನೆಗಳ ಒಳಗಿಂದ ಪಾತ್ರೆಗಳ ಸದ್ದು, ಕುರ್ಚಿ ಎಳೆಯುವ ಸದ್ದು, ಮಗುವನ್ನು ಎಬ್ಬಿಸುವ ದನಿ. ಬಾಗಿಲು ಭದ್ರ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಅವನ ಎದೆ ಹೆಮ್ಮೆಯಿಂದ ಉಬ್ಬಿತು. ಶಾಲೆಯ ಗೋಡೆಯ ಕಡೆಯಿಂದ ನುಸುಳಿ ಪೀಠ ಹತ್ತಿ ಬಟ್ಟೆಯೊಳಗೆ ಸೇರಿಕೊಂಡ.

ಒಳಗೆ ಕತ್ತಲೆ, ಸೆಕೆ, ಮತ್ತು ಮೂಗು. ದೊಡ್ಡ ಧಣಿಯ ಕೆನ್ನೆಗೆ ಕೆನ್ನೆ ಒತ್ತಿ ಅವನು ಉಳಿ ಹಿಡಿದ. ಹೊರಗೆ ಸೈರನ್ ಆಕಾಶವನ್ನೇ ಹರಿಯುವಂತೆ ಕೂಗುತ್ತಿತ್ತು. ಅದರಲ್ಲಿ ಸುತ್ತಿಗೆಯ ಸದ್ದು ಅವನಿಗೇ ಕೇಳಿಸುತ್ತಿರಲಿಲ್ಲ, ಬೇರೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಎಡಗಡೆ, ಬಲಗಡೆ, ಕೆಳಗೆ. ಒಂದು ಏಟು ಹೆಚ್ಚಿಲ್ಲ, ಒಂದು ಏಟು ಕಮ್ಮಿಯಿಲ್ಲ. ಬೆರಳಿನಿಂದ ಮುಟ್ಟಿ ನೋಡಿದ. ಮೂಗು ಹಾಲುಹಲ್ಲಿನಂತೆ ಅಲುಗಿತು. ಇಂಥ ನಾಜೂಕಿನ ಕೆಲಸವನ್ನು ಒಬ್ಬರಾದರೂ ನೋಡಲಿಲ್ಲವಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು.

ಅವನು ಬಟ್ಟೆಯಿಂದ ಹಿಮ್ಮುಖವಾಗಿ, ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ಉಳಿ ಸುತ್ತಿಗೆ ಹಿಡಿದ ಎರಡು ಕೈ ಹೀಗೆ ಹೊರಬಂದು ತಿರುಗಿದ. ಚೌಕದ ತುಂಬ ಜನ. ಕ್ವಾರಿಯ ಮೊದಲ ವರ್ಷವೇ ಯಾರದೋ ತೊಟ್ಟಿಲಿನ ಪಕ್ಕಕ್ಕೆ ಸೂರಿನ ಗಾರೆ ಕಳಚಿ ಬಿದ್ದಂದಿನಿಂದ ಆ ಊರಿನಲ್ಲಿ ಸೈರನ್ ಕೂಗಿದಾಗ ಮನೆಯೊಳಗೆ ಉಳಿದವರೇ ಇಲ್ಲ. ಒಡೆಯುವ ಸಾಮಾನುಗಳನ್ನೆಲ್ಲ ಎತ್ತಿಕೊಂಡು, ಒಲೆ ಆರಿಸಿ, ಎಲ್ಲರೂ ಬಯಲಿಗೆ ಬಂದು ನಿಲ್ಲುತ್ತಾರೆ. ದಿನವೂ ನಡೆಯುವ ಇದನ್ನು ಯಾರೂ ಒಂದು ಸುದ್ದಿಯೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಆ ಹೊತ್ತಿಗೆ ಸದಾ ಗುಡ್ಡದ ಮೇಲಿರುವ ಮೇಸ್ತ್ರಿ ಒಮ್ಮೆಯೂ ಕಂಡಿರಲಿಲ್ಲ. ಕನ್ನಡಿ ತಬ್ಬಿಕೊಂಡ ಕ್ಷೌರಿಕ, ಸಾಲಾಗಿ ನಿಂತ ಶಾಲೆ, ಗಾಜಿನ ಲೋಟಗಳನ್ನು ಸೆರಗಿನಲ್ಲಿ ಕಟ್ಟಿಕೊಂಡ ಅವನ ಹೆಂಡತಿ, ಗೆಸ್ಟ್‌ಹೌಸಿನ ಅಡುಗೆಯವನು ಕೈಹಿಡಿದು ಎಬ್ಬಿಸಿ ತಂದು ಕಲ್ಲಿನ ಬೆಂಚಿನ ಮೇಲೆ ಕೂರಿಸಿದ ಧಣಿ, ಎಲ್ಲರೂ ಅಷ್ಟು ಹೊತ್ತಿನಿಂದ ಕುಣಿಯುತ್ತಿದ್ದ ಆ ಬಟ್ಟೆಯನ್ನೇ ನೋಡುತ್ತಿದ್ದರು. “ಅಯ್ಯೋ, ಅಳಿಯಂದ್ರು ಇಲ್ಲೇ ಇದ್ದಾರೆ,” ಎಂದು ಅತ್ತೆ ಸೈರನ್ನನ್ನೂ ಮೀರಿಸಿ ಕೂಗಿದರು, “ಹಾಗಾದ್ರೆ ಇವತ್ತು ಸಿಡಿಸೋದಿಲ್ಲ, ನಡೀರಿ ಒಳಗೆ!” ಆ ಮಾತು ಮುಗಿಯುವ ಮೊದಲೇ ಮೇಸ್ತ್ರಿಯ ಸಾಕ್ಷಿ ಗುಡ್ಡದ ಮೇಲಿಂದ ಗುಡುಗಿತು. ನೆಲ ಅವನು ಎಣಿಸಿದಷ್ಟೇ ನಡುಗಿತು, ಕಲ್ಲು ಅವನು ಎಣಿಸಿದಂತೆಯೇ ಕಳಚಿತು, ಮತ್ತು ದೊಡ್ಡ ಧಣಿಯ ಮೂಗು ಬಟ್ಟೆಯ ಅಂಚಿನಿಂದ ಉರುಳಿ, ಪೀಠದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಮಗನ ಪಾದದ ಹತ್ತಿರ ಬಂದು ನಿಂತಿತು.