ಕಿಲ್ಲೇದಾರನ ನಿಲುವಂಗಿ

ಇದನ್ನು ಅಪಘಾತವೆಂದು ಬರೆದು ಮುಗಿಸಿಬಿಡಬಹುದೇ? ಪಿಎಸ್‌ಐ ಶಿವಗಂಗಾ ಪೆನ್ನಿನ ಮುಚ್ಚಳ ತೆಗೆದವರು ಹಾಗೆಯೇ ಕುಳಿತಿದ್ದರು. ನಿನ್ನೆ ಕೋಟೆಗೋಡೆಯ ಮೇಲಿಂದ ಒಬ್ಬ ಬಿದ್ದಿದ್ದಾನೆ, ತೊಡೆಯ ಮೂಳೆ ಮುರಿದಿದೆ. ಆದರೆ ಬೀಳುವ ಮೊದಲು ಅವನು ಮೈಯನ್ನು ಹಾಗೇಕೆ ಪರಚಿಕೊಂಡ?

ಜನವರಿ 19, ಸೋಮವಾರ, ಬೆಳಿಗ್ಗೆ 10.40. ಎದುರಿಗೆ ಗಾಯಾಳು ಸಚಿನನ ಹೆಂಡತಿ ಸುಮಿತಾ.

"ಯಾರ ಮ್ಯಾಲರೆ ಸಂಶಯ ಐತೇನವಾ?"

"ಯಾರ ಹೆಸರು ಹೇಳ್ಲಿರಿ ಮೇಡಮ್? ಎಲ್ಲಾರೂ ಅಣ್ಣಾ ತಮ್ಮಾ ಅಂತಿದ್ರು. ಆ ಅಂಗಿ ಹಾಕ್ಕೊಂಡ ಮ್ಯಾಲೇ ಹಿಂಗಾತು. ಅಷ್ಟ ಗೊತ್ತು."

ಹಳಿಯಾಳದಾಚೆಯ ದಂಡಿನಬಯಲಿನಲ್ಲಿ ಹಿಂದೊಮ್ಮೆ ಕಾಳಗ ನಡೆದಿತ್ತು. ಈಗ ಭಾನುವಾರಗಳಂದು ಊರವರೇ ವೇಷ ತೊಟ್ಟು ಪ್ರವಾಸಿಗರಿಗೆ ಕೋಟೆ ತೋರಿಸುತ್ತಾರೆ. ಸಂಬಳವಿಲ್ಲ. ಕೋಟೆಯ ಅಧಿಕಾರಿ ಕಿಲ್ಲೇದಾರನ ವೇಷದವನು ಮುಂದೆ ನಿಂತು ಕತೆ ಹೇಳುತ್ತಾನೆ, ಉಳಿದವರು ಕಾದಾಡುವ, ಸತ್ತು ಬೀಳುವ ಸಿಪಾಯಿಗಳು. ಹಳೆಯ ಕಿಲ್ಲೇದಾರ ಮೊಣಕಾಲು ನೋವೆಂದು ಬಿಟ್ಟ ಮೇಲೆ, ದಸರೆಯಿಂದ ಆ ವೇಷ ಸಚಿನನದಾಗಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚರೊಂದಿಗೆ ಸ್ಥಳಕ್ಕೆ ಹೋದರು. ಒಣಗಿದ ಕಂದಕದಲ್ಲಿ ನಿಲುವಂಗಿ ಬಿದ್ದಿತ್ತು. ಶಿವಗಂಗಾ ಕೈಚಾಚಿದರು.

"ಮುಟ್ಟಬ್ಯಾಡ್ರಿ!" ಹೆಡ್ ಕಾನ್‌ಸ್ಟೇಬಲ್ ಮಹಾಬಳೇಶ್ವರ ತಡೆದ. ಕೊರಳಪಟ್ಟಿಯ ಒಳಗೆಲ್ಲ ಕಂದು ಬಣ್ಣದ ಸಣ್ಣ ರೋಮಗಳು. "ನಸುಗುನ್ನಿ ಕಾಯಿದು ರೀ, ಮೈಗೆ ಹತ್ತಿದ್ರ ತುರಸ್ತೈತಿ. ಸಾಲಿಯೊಳಗ ನಾವೂ ಮಾಸ್ತರ ಕುರ್ಚಿಗೆ ಹಾಕಿದ್ವಿ."

"ಮಾಸ್ತರು ಏನ್ ಮಾಡಿದ್ರು?"

"ಅವತ್ತ ಕುರ್ಚಿ ಮ್ಯಾಲೆ ಕುಂತಾಂವ ನಮ್ಮಪ್ಪ ರೀ. ನನ್ನ ಮ್ಯಾಲಿನ ದೂರು ಕೇಳಾಕ ಬಂದಿದ್ದ."

ನಿಲುವಂಗಿಯನ್ನು ಕೋಲಿನಿಂದ ಎತ್ತಿ ಚೀಲಕ್ಕೆ ಹಾಕಿ, ಪಂಚನಾಮೆ ಬರೆದು, ಮೊಹರು ಮಾಡಿದರು. ವೇಷಗಳ ಟ್ರಂಕಿಗೆ ಬೀಗವಿರಲಿಲ್ಲ. ಯಾರು ಬೇಕಾದರೂ ತೆರೆಯಬಹುದಿತ್ತು.

ಗಣೇಶಗುಡಿಯ ಹೋಮ್‌ಸ್ಟೇಯಲ್ಲಿ ಉಳಿದಿದ್ದ ಪ್ರವಾಸಿಯೊಬ್ಬ ಮೊಬೈಲ್‌ನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಂಡಿದ್ದ. ಶಿವಗಂಗಾ ಅದನ್ನು ಮತ್ತೆ ಮತ್ತೆ ನೋಡಿದರು. ಗೋಡೆಯ ಮೇಲೆ ಸಚಿನ ಕತ್ತು ಕೆರೆಯುತ್ತಾನೆ, ಕುಣಿಯುತ್ತಾನೆ, ಕಂದಕಕ್ಕೆ ಜಾರಿ ಬೀಳುತ್ತಾನೆ. "ಹಾವು ಕಡೀತೋ!" ಎಂದು ಕೂಗು. ಒಬ್ಬಾಕೆ ನೀರಿನ ಬಾಟಲಿ ಹಿಡಿದು ಓಡುತ್ತಾಳೆ. ಸತ್ತ ಸಿಪಾಯಿಯ ವೇಷದವನೊಬ್ಬ ಅವಳನ್ನು ತಳ್ಳುತ್ತಾನೆ: "ನೀರು ಹಾಕಬ್ಯಾಡ್ರಿ! ಸಗಣಿ ತರ್ರಿ, ಸಗಣಿ!" ತನ್ನ ರುಮಾಲನ್ನು ಬಿಚ್ಚಿ ಎರಡೂ ಕೈಗೆ ಸುತ್ತಿಕೊಂಡು ನಿಲುವಂಗಿಯನ್ನು ಎಳೆದು ತೆಗೆಯುತ್ತಾನೆ.

ನಸುಗುನ್ನಿಗೆ ನೀರು ತಾಗಿದರೆ ತುರಿಕೆ ಹೆಚ್ಚುತ್ತದೆ, ಸಗಣಿ ಹಚ್ಚಿದರೆ ಇಳಿಯುತ್ತದೆಂದು ಈ ಕಡೆಯವರಿಗೆಲ್ಲ ಗೊತ್ತು. ಆದರೆ ಅದು ನಸುಗುನ್ನಿಯೆಂದು ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಗಣಿ ತರಲು ಕೂಗಿದವನ ಹೆಸರು ದ್ಯಾಮಪ್ಪ. ಕಬ್ಬು ಬೆಳೆಯುವವನು. ಸಂಜೆ ಠಾಣೆಗೆ ಕರೆತಂದರು.

"ಸಗಣಿ ಯಾಕ ಕೇಳಿದಿ?"

"ತುರಸ್ತಿತ್ತಲ್ರಿ ಅಂವಗ."

"ಎಲ್ಲಾರೂ ಹಾವು ಅಂದ್ರು. ನೀ ಒಬ್ಬಾವ ಸಗಣಿ ಅಂದಿ. ಕೈಗೆ ರುಮಾಲು ಯಾಕ ಸುತ್ತಿಕೊಂಡಿ?"

ದ್ಯಾಮಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಕಾಲು ಕೂಡ್ತೈತೇನ್ರಿ?" ಅವನೇ ಕೇಳಿದ.

"ಆರು ತಿಂಗಳು ಅಂದಾರ. ಕುಂಟು ಉಳಿದ್ರೂ ಉಳೀಬಹುದು."

"ಗ್ವಾಡಿ ಹತ್ತೂಕಿಂತ ಮೊದಲ, ಬಾಗಲದಾಗ ತುರಸ್ತೈತಿ ಅಂದ್ಕೊಂಡಿದ್ದೆ. ಮಂದಿ ನಕ್ರ ಸಾಕಾಗಿತ್ತು."

"ಏನ್ ಸಿಟ್ಟು ಅಂವನ ಮ್ಯಾಲೆ?"

"ಒಂಬತ್ತು ವರ್ಷ ಆತ್ರಿ, ಬಾಗಲದಾಗ ಸತ್ತು ಬೀಳಾಕ ಹತ್ತಿ. ಹುಡುಗ್ರು ಕಾಲಿಂದ ಒದ್ದು ನೋಡ್ತಾವ, ಜೀವ ಐತೇನಂತ. ಸಚಿನಗ ನಡುವ ಮಾತು ಮರೀತಿತ್ತು. ಬಿದ್ದಲ್ಲಿಂದನ ಮೆಲ್ಲಕ ನಾ ಹೇಳಿಕೊಡಾಂವ. ಚಪ್ಪಾಳಿ ಅಂವಗ ರೀ. ಸತ್ತಾಂವ ಏಳಂಗಿಲ್ಲಲ್ಲ."

ಭಾರತೀಯ ನ್ಯಾಯ ಸಂಹಿತೆಯ ಕಲಂ 117(2)ರಡಿ, ಬೇಕೆಂದೇ ತೀವ್ರ ಗಾಯ ಮಾಡಿದ್ದಕ್ಕೆ, ದಸ್ತಗಿರಿ. ಗದ್ದೆಯ ಬದುವಿನಲ್ಲಿ ಅವನೇ ತೋರಿಸಿದ ಬಳ್ಳಿಯಿಂದ ಕಾಯಿಗಳನ್ನು ಜಪ್ತಿ ಮಾಡಲಾಯಿತು.

ಮರುದಿನ ಆಸ್ಪತ್ರೆಯಲ್ಲಿ ಹೇಳಿಕೆ ಕೊಡುತ್ತಿದ್ದ ಸಚಿನನಿಗೆ ಆ ಹೆಸರು ನಂಬಲಾಗಲಿಲ್ಲ. "ದ್ಯಾಮಣ್ಣಾ? ಅಂವಾ ಇಲ್ದಿದ್ರ ನನಗ ಅರ್ಧ ಕತಿನೂ ಬರ್ತಿದ್ದಿಲ್ರಿ. ಹಿರ್ಯಾರು 'ಯಾರು ಕಿಲ್ಲೇದಾರ ಆಗ್ತೀರಿ' ಅಂತ ಕೇಳಿದಾಗ ನನ್ನ ಬಾಜೂಕ ಕುಂತಿದ್ದ. ನಾ ಕೈ ಎತ್ತಿದೆ. ಅಂವಾ ನನ್ನ ಬೆನ್ನು ತಟ್ಟಿದ."

ಶಿವಗಂಗಾ ಹೇಳಿಕೆಗೆ ಸಹಿ ಮಾಡಿಸಿಕೊಂಡು ಹೊರಬಂದರು. ಆಮೇಲೆ ತಂಡದ ಪ್ರತಿಯೊಬ್ಬರನ್ನೂ ಕೇಳಿ ನೋಡಿದರು. ತನಗೂ ಆ ವೇಷ ಬೇಕೆಂದು ದ್ಯಾಮಪ್ಪ ಯಾರಿಗೂ ಹೇಳಿರಲಿಲ್ಲ.