ಡಯಾನಾಳ ಬಲ ಹಿಂಗಾಲು

ನೋವುಗನ್ನಡಿ ಬಂದ ವಾರದಲ್ಲೇ ಡಯಾನಾ ಕುಂಟತೊಡಗಿದಳು. ಕವಾಯತು ಮೈದಾನವನ್ನು ಎರಡು ಸುತ್ತು ಓಡಿ ಬಂದು, ಬೇವಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಮಲಗಿದವಳು, ಏಳುವಾಗ ಬಲ ಹಿಂಗಾಲನ್ನು ನೆಲಕ್ಕೆ ಊರಲೋ ಬೇಡವೋ ಎಂದು ಅನುಮಾನಿಸಿದಳು. ಅವಳ ಮೈಗೆ ತೊಡಿಸಿದ್ದ ಕವಚದ ಮೇಲೆ ಕೆಂಪು ದೀಪ ಹತ್ತಿತು. ಶ್ವಾನದಳದ ಕಚೇರಿಯ ಪರದೆಯ ಮೇಲೆ ಅವಳ ಬಿಗಿತಾಂಕ ನೂರಕ್ಕೆ ಎಪ್ಪತ್ತೊಂದು ಎಂದು ಮೂಡಿತು. ಶಾಲೆಯ ಪರೀಕ್ಷೆಯಾಗಿದ್ದರೆ ಪೇಡೆ ಹಂಚಬಹುದಾದ ಅಂಕ. ನಾಯಿಯ ಸ್ನಾಯುಗಳ ಲೆಕ್ಕದಲ್ಲಿ ಅದು ನಿವೃತ್ತಿಯ ಮುನ್ಸೂಚನೆ.

ಪರದೆ ನೋಡಿ ಡಿವೈಎಸ್‌ಪಿ ಶಶಿಕಾಂತ ದೇಸಾಯಿಯವರಿಗೆ ಒಳಗೊಳಗೇ ಸಂತೋಷವಾಯಿತು. ಹೊಸ ಯಂತ್ರ ಬಂದ ಮೇಲೆ ಅದು ಏನಾದರೊಂದು ಕಾಯಿಲೆಯನ್ನು ಕಂಡುಹಿಡಿಯಲೇಬೇಕು. ಇಲ್ಲದಿದ್ದರೆ ಅದನ್ನು ತರಿಸಿದವರ ಮುಖಕ್ಕೆ ಶೋಭೆಯೇ?

ಅದು ಎರಡು ಸಾವಿರದ ನಲವತ್ತಮೂರನೆಯ ಇಸವಿ. ಕಳ್ಳರನ್ನು ಪತ್ತೆಹಚ್ಚಲು ಆಕಾಶದಲ್ಲಿ ಕಣ್ಣುಗಳಿದ್ದವು, ಬೀದಿಬೀದಿಗೆ ಕಿವಿಗಳಿದ್ದವು. ಆದರೂ ನಾಯಿಗಳ ನೌಕರಿ ಹೋಗಿರಲಿಲ್ಲ. ಇದಕ್ಕೆ ಇಲಾಖೆಯ ಪ್ರಾಣಿಪ್ರೇಮ ಕಾರಣವೆಂದು ಯಾರೂ ತಪ್ಪು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಲೋಹದ ಯಂತ್ರನಾಯಿಗಳನ್ನು ತರಿಸಿದ್ದರು. ಕೃಷ್ಣೆಯ ದಂಡೆಯ ಎರೆಹೊಲದಲ್ಲಿ, ಮಳೆಯ ಮರುದಿನ, ಅವು ಕಳ್ಳನ ಬೆನ್ನು ಹತ್ತಿ ಹೊಟ್ಟೆಯ ತನಕ ಹೂತುಕೊಂಡವು. ಎಳೆಯಲು ಟ್ರ್ಯಾಕ್ಟರು ಬಂತು. ಟ್ರ್ಯಾಕ್ಟರೂ ಹೂತುಕೊಂಡಿತು. ಕೊನೆಗೆ ಎತ್ತುಗಳನ್ನು ಕರೆಸಿದರು. ಕಳ್ಳ ಅಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೇ ಊರು ದಾಟಿದ್ದ. ಅಂದಿನಿಂದ ರಕ್ತಮಾಂಸದ ನಾಯಿಗಳಿಗೆ ಮತ್ತೆ ಮರ್ಯಾದೆ ಬಂತು. ಅವುಗಳ ಆರೋಗ್ಯಕ್ಕೆಂದೇ ಕಲ್ಯಾಣ ನಿಯಮಗಳು ಬಂದವು.

ದುಡಿಯುವ ನಾಯಿಯ ಕಷ್ಟವೇ ಬೇರೆ. ಕೆಲಸದ ಹುರುಪಿನಲ್ಲಿ ಅದಕ್ಕೆ ನೋವು ತಿಳಿಯುವುದಿಲ್ಲ, ತಿಳಿದರೂ ಅದು ತೋರಗೊಡುವುದಿಲ್ಲ. ಓಟ ಮುಗಿದು ಮೈ ಆರಿದ ಮೇಲೆ ಸ್ನಾಯುಗಳು ಬಿಗಿಯುತ್ತವೆ, ಕೀಲುಗಳು ಹಿಡಿದುಕೊಳ್ಳುತ್ತವೆ. ಓಟಕ್ಕೆ ಮೊದಲು ನಡೆಸಿ ಮೈ ಬಿಸಿ ಮಾಡಬೇಕು. ಓಡಿದ ಮೇಲೆ ಥಟ್ಟನೆ ನಿಲ್ಲಿಸದೆ ಮೆಲ್ಲಗೆ ನಡೆಸಿ ಆರಿಸಬೇಕು. ಬಿಗಿದ ಜಾಗವನ್ನು ತಿಕ್ಕಬೇಕು. ಆದರೆ ಜಾಗ ಯಾವುದೆಂದು ನಾಯಿ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಅದಕ್ಕಾಗಿ ರಾಜಧಾನಿಯ ಪ್ರಯೋಗಾಲಯದಲ್ಲಿ ಡಾ. ನಿವೇದಿತಾ ಹೆಬ್ಬಾರ್ ಎಂಬ ವಿಜ್ಞಾನಿ ನೋವುಗನ್ನಡಿಯನ್ನು ಕಂಡುಹಿಡಿದರು. ಅದರಲ್ಲಿ ಎರಡು ಭಾಗ. ನಾಯಿಗೊಂದು ಕವಚ, ಅದನ್ನು ನೋಡಿಕೊಳ್ಳುವ ಪೊಲೀಸನ ಕೈಕಾಲು ಸೊಂಟಗಳಿಗೆ ಪಟ್ಟಿಗಳು. ನಾಯಿಯ ಮೈಯಲ್ಲಿ ಎಲ್ಲಿ ಬಿಗಿತವಿದೆಯೋ ಮನುಷ್ಯನ ಮೈಯಲ್ಲೂ ಸರಿಯಾಗಿ ಅದೇ ಜಾಗದಲ್ಲಿ ಪಟ್ಟಿ ಬಿಗಿಯುತ್ತದೆ. ನಾಯಿಯ ಮುಂಗಾಲೆಂದರೆ ಇವನ ತೋಳು, ಹಿಂಗಾಲೆಂದರೆ ಇವನ ಕಾಲು. ಪರರ ನೋವು ತನಗೂ ತಾಗಬೇಕೆಂದು ಶರಣರು ಬೋಧಿಸಿದ್ದನ್ನು ಡಾ. ಹೆಬ್ಬಾರ್ ಬ್ಯಾಟರಿ ಹಾಕಿ ಸಾಧಿಸಿದ್ದರು.

ಡಯಾನಾಳ ಜೊತೆಗಾರ ಹೆಡ್ ಕಾನ್‌ಸ್ಟೇಬಲ್ ಯಮನಪ್ಪ ತಳವಾರ. ಮರಿಯಾಗಿದ್ದಾಗಿನಿಂದ ಸಾಕಿದವನು. ಇಲಾಖೆ ಇಟ್ಟ ಡಯಾನಾ ಎಂಬ ಹೆಸರು ಅವನ ಬಾಯಲ್ಲಿ ಡೈನವ್ವ ಆಗಿತ್ತು. ಆ ದಳದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ನಾಯಿಯ ಬಾಯಿಗೆ ಹೋಗುವುದನ್ನು ಮೊದಲು ತಾನು ರುಚಿ ನೋಡಬೇಕು. ನಾಯಿ ಓಡುವ ಡಾಂಬರಿನ ಮೇಲೆ ಮೊದಲು ತಾನು ಬರಿಗಾಲಲ್ಲಿ ನಿಲ್ಲಬೇಕು. ಹೊಸದೇನೇ ಬಂದರೂ ಮೊದಲು ತನ್ನ ಮೈಗೆ, ಆಮೇಲೆ ನಾಯಿಯ ಮೈಗೆ. ಹೀಗಾಗಿ ಪ್ರತಿದಿನವೂ ಯಮನಪ್ಪ ಮೊದಲು ತನ್ನ ಪಟ್ಟಿಗಳನ್ನು ಸುತ್ತಿಕೊಂಡು, ಅಂಗಳದಲ್ಲಿ ಒಂದು ಸುತ್ತು ನಡೆದು, ಎಲ್ಲೂ ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಡಯಾನಾಳಿಗೆ ಕವಚ ತೊಡಿಸುತ್ತಿದ್ದ.

ಕೆಂಪು ದೀಪ ಹತ್ತಿದ ದಿನ ದೇಸಾಯಿಯವರು ಅವನನ್ನು ಕರೆಸಿದರು.

"ಸಾಹೇಬ್ರ, ಅಕಿಗೇನೂ ಆಗಿಲ್ರಿ," ಎಂದ ಯಮನಪ್ಪ. "ನನ್ನ ಪಟ್ಟಿ ಒಮ್ಮೆನೂ ಬಿಗದಿಲ್ರಿ."

"ಪರದೆ ಸುಳ್ಳು ಹೇಳ್ತೈತೇನು? ಅಕಿ ಕುಂಟೂದು ನನಗ ಕಣ್ಣಿಗೆ ಕಾಣಸ್ತೈತಿ. ನಿನಗ ಅಕಿನ್ನ ಬಿಡಾಕ ಮನಸಿಲ್ಲ, ಅಷ್ಟ."

ಮನಸ್ಸಿಲ್ಲದ್ದು ನಿಜವೇ. ರಾಜ್ಯೋತ್ಸವದ ಒಳಗೆ ಬಿಗಿತಾಂಕ ನಲವತ್ತಕ್ಕೆ ಇಳಿಯದಿದ್ದರೆ ನಾಯಿಗೆ ನಿವೃತ್ತಿ ಕೊಡಬೇಕೆಂದು ನಿಯಮವಿತ್ತು. ನಿವೃತ್ತ ನಾಯಿಯನ್ನು ಯೋಗ್ಯ ನಾಗರಿಕರಿಗೆ ಒಪ್ಪಿಸಬೇಕು ಎಂಬುದು ಅದರ ಮುಂದಿನ ಸಾಲು. ಯೋಗ್ಯ ನಾಗರಿಕರು ಆಗಲೇ ಸಿದ್ಧರಾಗಿದ್ದರು, ಅವರು ದೇಸಾಯಿಯವರ ಷಡ್ಡಕರು. ಅವರ ರೆಸಾರ್ಟಿನ ಬಾಗಿಲಲ್ಲಿ ಪೊಲೀಸ್ ನಾಯಿಯೊಂದು ಕೂತಿದ್ದರೆ, ಅದರ ಕೊರಳಿಗೆ ಕೈಹಾಕಿ ಬಂದವರೆಲ್ಲ ಫೋಟೋ ತೆಗೆಸಿಕೊಳ್ಳಬಹುದಿತ್ತು. ಡೈನವ್ವ ಸರಪಳಿಯಲ್ಲಿ ಕೂತು ಹಲ್ಲು ಕಿರಿಯುವುದನ್ನು ನೆನೆದು ಯಮನಪ್ಪನಿಗೆ ಅನ್ನ ಸೇರಲಿಲ್ಲ.

ಅವನು ಸೇವೆಗೆ ನಿಂತ. ನಿಯಮದಂತೆ ಡಯಾನಾಳಿಗೆ ದಿನವೂ ಮೊಟ್ಟೆ, ಮೆತ್ತನೆಯ ಹಾಸಿಗೆ, ಬಿಸಿನೀರಿನ ಕಾವು ಮಂಜೂರಾದವು. ಮೆಟ್ಟಿಲು ಹತ್ತದಂತೆ ಅವಳ ಗೂಡಿಗೆ ಇಳಿಜಾರು ಕಟ್ಟಿಸಿದರು. ಪಕ್ಕದಲ್ಲೇ ಯಮನಪ್ಪನ ಕ್ವಾರ್ಟರ್ಸಿಗೆ ಮೂರನೆಯ ಮಹಡಿಯ ತನಕ ಮೆಟ್ಟಿಲುಗಳು ಮೊದಲಿನಂತೆಯೇ ಇದ್ದವು. ಅವನು ಬೆಳಗ್ಗೆ ಸಂಜೆ ಕುಕ್ಕರಗಾಲಲ್ಲಿ ಕೂತು, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಅವಳ ಹಿಂಗಾಲನ್ನು ತಿಕ್ಕಿದ. ಆಶ್ಚರ್ಯವೆಂದರೆ ಅವನು ಹೆಚ್ಚು ತಿಕ್ಕಿದಷ್ಟೂ ಅಂಕ ಏರಿತು. ಎಪ್ಪತ್ತೊಂದು ಎಂಬತ್ತಾಯಿತು, ಎಂಬತ್ತು ಎಂಬತ್ತೆಂಟಾಯಿತು. ಡಯಾನಾ ತಿಕ್ಕಿಸಿಕೊಳ್ಳುತ್ತಲೇ ನರಳಿ, ಅವನ ಮುಖವನ್ನು ನೆಕ್ಕತೊಡಗಿದಳು. ತನ್ನ ಕೈಯೇ ಅವಳಿಗೆ ಶಾಪವಾಯಿತೇ ಎಂದು ಯಮನಪ್ಪ ಕಂಗಾಲಾದ.

ಕೊನೆಗೆ ಡಾ. ಹೆಬ್ಬಾರ್ ಅವರೇ ಪರೀಕ್ಷೆಗೆ ಬಂದರು. ತಮ್ಮ ಯಂತ್ರದ ಮೇಲೆ ಅವರಿಗೆ ಹೆತ್ತ ತಾಯಿಯ ನಂಬಿಕೆ. ಮೊದಲು ಡಯಾನಾಳ ಕಾಲನ್ನು ಕೈಯಿಂದ ಮಡಿಸಿ ಬಿಡಿಸಿ ನೋಡಿದರು. ಕೀಲು ಬೆಣ್ಣೆಯ ಹಾಗೆ ಆಡಿತು.

"ವಿಚಿತ್ರ," ಎಂದರು. "ಕೈಗೆ ಏನೂ ಸಿಗುತ್ತಿಲ್ಲ. ಯಂತ್ರಕ್ಕೆ ಸಿಗುತ್ತಿದೆ. ಹಾಗಾದರೆ ನನ್ನ ಕೈಯೇ ತಪ್ಪಿರಬೇಕು."

"ನನ್ನ ಪಟ್ಟಿನೂ ಬಿಗೀವಲ್ದುರಿ ಮೇಡಂ."

"ಪಟ್ಟಿ ಪರೀಕ್ಷಿಸಿದ್ದೇನೆ, ಸರಿಯಾಗಿದೆ. ನಿಮ್ಮ ಕಾಲು ಮರಗಟ್ಟಿರಬಹುದು. ಕೆಲವರಿಗೆ ಸಂವೇದನೆ ಕಡಿಮೆ, ಬೇಸರಪಟ್ಟುಕೊಳ್ಳಬೇಡಿ."

ಯಮನಪ್ಪ ಬೇಸರಪಟ್ಟುಕೊಳ್ಳಲಿಲ್ಲ. ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ಮಾತುಗಳನ್ನು ಕೇಳಿದವನು.

ಮೈದಾನದಲ್ಲಿ ದೇಸಾಯಿಯವರಿಗೂ ಅವರ ಷಡ್ಡಕರಿಗೂ ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರು. ಷಡ್ಡಕರು ಹೊಸ ಸರಪಳಿಯನ್ನೂ ತಂದಿದ್ದರು. ಗೋಡೆ ಹಾರಿ, ಹಳ್ಳ ದಾಟಿ, ದಿಬ್ಬದ ತುದಿಯಲ್ಲಿ ಮುಚ್ಚಿಟ್ಟ ಬಟ್ಟೆಯನ್ನು ಡಯಾನಾ ಕಚ್ಚಿ ತರಬೇಕಿತ್ತು. ಓಟದಲ್ಲಿ ಮನುಷ್ಯನ ಪ್ರಭಾವ ಬೇಡವೆಂದು ಡಾ. ಹೆಬ್ಬಾರ್ ಯಮನಪ್ಪನನ್ನು ಪಟ್ಟಿಗಳ ಸಮೇತ ಒಂದು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಡಿವೈಎಸ್‌ಪಿಯ ಎದುರು ಕುರ್ಚಿಯಲ್ಲಿ ಕೂತದ್ದು ಅವನ ಸೇವೆಯಲ್ಲಿ ಅದೇ ಮೊದಲು. ಅವನು ಕಾಲು ಚಾಚಿದ. ಐದು ನಿಮಿಷ ಕಳೆಯಿತು. ಡಯಾನಾಳನ್ನು ಬಿಟ್ಟರು.

ಅವಳು ಬಾಣದ ಹಾಗೆ ಹೋದಳು. ಗೋಡೆ ಹಾರಿದಳು, ಹಳ್ಳ ದಾಟಿದಳು. ಡಾ. ಹೆಬ್ಬಾರ್ ಅವರ ಕೈಯ ಪರದೆಯ ಮೇಲೆ ಬಿಗಿತಾಂಕ ಇಳಿಯುತ್ತಿತ್ತು. ಅರವತ್ತು. ಐವತ್ತು. ನಲವತ್ತೆರಡು.

"ಓಡುತ್ತಿರುವ ನಾಯಿಯ ಸ್ನಾಯು ಸಡಿಲವಾಗುವುದು ಎಲ್ಲಿಯಾದರೂ ಉಂಟೇ?" ಎಂದು ಅವರು ತಮ್ಮನ್ನೇ ಕೇಳಿಕೊಂಡರು.

ಡಯಾನಾ ಬಟ್ಟೆ ಕಚ್ಚಿಕೊಂಡು ದಿಬ್ಬದ ಮೇಲೆ ಕಂಡಾಗ ಯಮನಪ್ಪನಿಗೆ ತಡೆಯಲಾಗಲಿಲ್ಲ. "ಬಾರ ನನ್ನವ್ವ," ಎನ್ನುತ್ತ ಕುರ್ಚಿಯಿಂದ ಎದ್ದ. ಅವನ ಬಲ ಮೊಣಕಾಲು ಪಕ್ಕದವರಿಗೆ ಕೇಳುವಂತೆ ಲಟಕ್ಕೆಂದಿತು. ಆ ಗಳಿಗೆಗೇ ದೂರದ ದಿಬ್ಬದ ಮೇಲೆ ಡಯಾನಾ ಕುಂಯ್ ಎಂದು ಬಲ ಹಿಂಗಾಲನ್ನೆತ್ತಿ ನಿಂತುಬಿಟ್ಟಳು. ಪರದೆ ತೊಂಬತ್ತಕ್ಕೆ ಜಿಗಿಯಿತು.

ಡಾ. ಹೆಬ್ಬಾರ್ ಪರದೆಯನ್ನು ನೋಡಿದರು, ನಾಯಿಯನ್ನು ನೋಡಿದರು, ಆಮೇಲೆ ಯಮನಪ್ಪನ ಮೊಣಕಾಲನ್ನು ನೋಡಿದರು.

"ಕೂತುಕೊಳ್ಳಿ," ಎಂದರು. ಅವನು ಕೂತ. ಡಯಾನಾ ಕಾಲು ಊರಿದಳು.

"ಏಳಿ." ಎದ್ದ. ಡಯಾನಾ ಕಾಲೆತ್ತಿದಳು.

"ಕೂತುಕೊಳ್ಳಿ. ಏಳಿ. ಮತ್ತೆ ಕೂತುಕೊಳ್ಳಿ."

ವರ್ಷಗಟ್ಟಲೆ ನಾಯಿಗಳಿಗೆ ಹೇಳಿದ್ದ ಆಜ್ಞೆಗಳನ್ನು ಯಮನಪ್ಪ ಮರುಮಾತಿಲ್ಲದೆ ಪಾಲಿಸಿದ. ಅವನ ಕಣ್ಣು ಮಾತ್ರ ಡಯಾನಾಳ ಮೇಲಿತ್ತು.

"ಬೆಳಗ್ಗೆ ಇದನ್ನು ತೊಡುವಾಗ ಮೊದಲು ಯಾರು ತೊಡುತ್ತೀರಿ?" ಎಂದು ಡಾ. ಹೆಬ್ಬಾರ್ ಕೇಳಿದರು.

"ನಾನರಿ. ನಮ್ಮ ದಳದಾಗ ಹಂಗ ಐತ್ರಿ. ಬಾಯಿಲ್ಲದ ಜೀವದ ಮ್ಯಾಲೆ ಹೊಸಾದ್ದನ್ನ ಹೆಂಗ ಒಮ್ಮಿಂದೊಮ್ಮೆ ಹಾಕೂದ್ರಿ?"

ಡಾ. ಹೆಬ್ಬಾರ್ ತಲೆಯ ಮೇಲೆ ಕೈಹೊತ್ತು ಕೂತರು. ಪಟ್ಟಿಗೂ ಕವಚಕ್ಕೂ ಅವರು ಒಂದೇ ಬಟ್ಟೆ, ಒಂದೇ ಸಂವೇದಕ ಬಳಸಿದ್ದರು. ಯಂತ್ರಕ್ಕೆ ಮೊದಲು ತಾಗಿದ ಮೈಯೇ ರೋಗಿ, ಎರಡನೆಯದು ಸೇವಕ. ನಾಯಿಗಿಂತ ಮೊದಲು ಮನುಷ್ಯ ತೊಟ್ಟುಕೊಂಡಾನು ಎಂದು ರಾಜಧಾನಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ರೋಗಿಗೆ ಎಷ್ಟು ಕಾಲು ಎಂದು ಯಂತ್ರಕ್ಕೆ ಹೇಳಿಕೊಡುವುದು ಅವರಿಗೆ ಬಾಲಿಶವೆನಿಸಿತ್ತು. ಹೀಗಾಗಿ ಇಷ್ಟು ದಿನ ಪರದೆಯ ಮೇಲೆ ಮೂಡಿದ್ದು ಯಮನಪ್ಪನ ಬಿಗಿತ. ಕವಚ ಅದನ್ನು ಡಯಾನಾಳ ಕಾಲಿಗೆ ಹಿಂಡಿ ತಿಳಿಸುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಗೆ ಮೊಟ್ಟೆಯನ್ನೂ ಕೊಟ್ಟಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ತಿಕ್ಕಿದಷ್ಟೂ ಅವನ ಮೊಣಕಾಲು ಹಿಡಿಯುತ್ತಿತ್ತು, ಅವಳು ನರಳುತ್ತಿದ್ದಳು.

"ಅಂದ್ರ ಇಷ್ಟ ದಿನ ನನ್ನ ಬ್ಯಾನಿ ಅಕಿ ಉಣ್ಣಾಕತ್ತಿದ್ಲೇನ್ರಿ?" ಎಂದು ಯಮನಪ್ಪ ಕೇಳಿದ.

ದೇಸಾಯಿಯವರಿಗೆ ಬೇರೆಯದೇ ಚಿಂತೆ. "ಹಂಗಾದ್ರ ನಿವೃತ್ತಿ ಇಂವಗ ಕೊಡಬೇಕೇನ್ರಿ ಡಾಕ್ಟರ?"

"ನಿಮ್ಮ ನಿಯಮ ನಾಯಿಗಳಿಗೆ ಮಾತ್ರ. ಕಾನ್‌ಸ್ಟೇಬಲ್‌ಗಳ ಬಿಗಿತದ ಬಗ್ಗೆ ಅದರಲ್ಲಿ ಏನೂ ಹೇಳಿಲ್ಲ."

ಮರುದಿನದಿಂದ ಕಟ್ಟಳೆ ಮುರಿದು ಮೊದಲು ಡಯಾನಾಳಿಗೆ ಕವಚ ತೊಡಿಸಿದರು. ಬಿಗಿತಾಂಕ ಒಂಬತ್ತು. ಷಡ್ಡಕರು ಸರಪಳಿಯನ್ನು ವಾಪಸು ಒಯ್ದರು. ಮೊಟ್ಟೆ ನಿಂತಿತು. ಎಲ್ಲವೂ ಸುಖಾಂತ್ಯವಾಯಿತು ಎಂದು ಡಾ. ಹೆಬ್ಬಾರ್ ರೈಲಿಗೆ ಹೊರಡುವುದರಲ್ಲಿದ್ದರು. ಆಗ ದೇಸಾಯಿಯವರ ಕರೆ ಬಂತು. ನಾಯಿ ಓಡುತ್ತಿಲ್ಲ.

ಓಡಲಾರದೆ ಅಲ್ಲ. ಹತ್ತು ಹೆಜ್ಜೆ ಓಡಿ ನಿಲ್ಲುತ್ತಿದ್ದಳು, ಹಿಂದೆ ತಿರುಗಿ ಯಮನಪ್ಪನ ಬಲಗಾಲನ್ನೇ ನೋಡುತ್ತಿದ್ದಳು. ಅವನು ಬಂದು ಸೇರುವ ತನಕ ಕಾದು, ಮೊಣಕಾಲನ್ನು ಒಮ್ಮೆ ಮೂಸಿ, ಆಮೇಲೆ ಅವನದೇ ನಡಿಗೆಯಲ್ಲಿ ನಡೆಯುತ್ತಿದ್ದಳು. ಅವನು ದಿಬ್ಬ ಹತ್ತುವಾಗ ಅಡ್ಡ ನಿಂತು ತಡೆಯುತ್ತಿದ್ದಳು. ಆ ವಾರ ಬಂಗಾರದಂಗಡಿಯ ಕಳ್ಳನೊಬ್ಬ, ಇವರಿಬ್ಬರೂ ಮಾತಾಡಿಕೊಂಡು ಬರುವುದನ್ನು ದೂರದಿಂದ ನೋಡಿ, ಚಹಾ ಕುಡಿದು ಹೋದನೆಂದು ಊರಲ್ಲಿ ಸುದ್ದಿಯಾಯಿತು.

"ಈಗ ಯಂತ್ರ ಅವಳಿಗೆ ಏನೂ ಹೇಳುತ್ತಿಲ್ಲ," ಎಂದರು ಡಾ. ಹೆಬ್ಬಾರ್. ಅವರ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. "ಆದರೆ ನಿಮಗೆ ಯಾವಾಗ ನೋಯುತ್ತದೆಂದು ಅವಳಿಗೆ ಗೊತ್ತಾಗಿಬಿಟ್ಟಿದೆ. ಒಮ್ಮೆ ತಿಳಿದದ್ದನ್ನು ಮರೆಸುವ ಯಂತ್ರ ನನ್ನ ಹತ್ತಿರ ಇಲ್ಲ."

"ಹಂಗಾದ್ರ ಅಕಿ ಓಡಬೇಕಾದ್ರ ಏನ್ ಮಾಡೂದ್ರಿ?" ಎಂದರು ದೇಸಾಯಿ.

"ಇವರ ಮೊಣಕಾಲು ಸರಿ ಮಾಡಿಸಿ."

ಅದಕ್ಕೆ ಇಲಾಖೆಯಲ್ಲಿ ಅವಕಾಶವಿರಲಿಲ್ಲ. ಯಮನಪ್ಪನ ಮೊಣಕಾಲು ಓಡಿಯೋಡಿ ಸವೆದು ಎಷ್ಟೋ ವರ್ಷವಾಗಿತ್ತು. ಅವನು ಕೇಳಿದ್ದ, ಇಲಾಖೆ ಅವನಿಗೆ ಸಹನೆಯನ್ನು ಉಪದೇಶಿಸಿತ್ತು. ಈಗ ನಾಯಿ ಕೇಳುತ್ತಿತ್ತು, ರಾಜ್ಯೋತ್ಸವದ ಪಥಸಂಚಲನ ಹತ್ತಿರವಾಗಿತ್ತು. ದೇಸಾಯಿಯವರು ಎರಡು ದಿನ ತಲೆ ಕೆಡಿಸಿಕೊಂಡು ದಾರಿ ಕಂಡುಹಿಡಿದರು. ನಾಯಿ ನಡೆಯಲು ಹಗ್ಗ ಬೇಕು, ಹಗ್ಗ ಹಿಡಿಯಲು ಮನುಷ್ಯ ಬೇಕು, ಆದ್ದರಿಂದ ಮನುಷ್ಯನೂ ನಾಯಿಯ ಪರಿಕರವೇ. ಶ್ವಾನ ಪರಿಕರಗಳ ದುರಸ್ತಿ ಎಂಬ ಬಾಬಿನಲ್ಲಿ ಒಂದು ಮೊಣಕಾಲಿಗೆ ಮಂಜೂರಾತಿ ಸಿಕ್ಕಿತು.

ಹಾಗೆ ಒಂದು ಬೆಳಗ್ಗೆ ಯಮನಪ್ಪ ಜಿಲ್ಲಾ ಪಶು ಆಸ್ಪತ್ರೆಯ ತಗ್ಗು ಮೇಜಿನ ಮೇಲೆ ಕಾಲು ಚಾಚಿ ಮಲಗಿದ್ದ. ಒಂದು ಕಡೆ ಮೇಕೆ, ಇನ್ನೊಂದು ಕಡೆ ಯಾರದೋ ಗಿಳಿ. ಪರವೂರಿನಿಂದ ಬಂದ ಮೂಳೆ ವೈದ್ಯರು ಅವನ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟು, ಸೂಜಿಯ ಮದ್ದು ತರಲು ಒಳಗೆ ಹೋಗಿದ್ದರು. ಡಯಾನಾ ಮೇಜಿನ ಪಕ್ಕದಲ್ಲಿ ಕೂತು, ಗದ್ದವನ್ನು ಅವನ ಪಾದದ ಮೇಲೆ ಊರಿ, ಒಳಗಿನ ಬಾಗಿಲನ್ನು ಕಾಯುತ್ತಿದ್ದಳು. ಆ ಕಾವು ಎಷ್ಟು ಹಿತವಾಗಿತ್ತೆಂದರೆ ಯಮನಪ್ಪನಿಗೆ ಕಣ್ಣು ತುಂಬಿ ಬಂತು.

ಕಾಂಪೌಂಡರ್ ದಾಖಲೆ ಪುಸ್ತಕದಿಂದ ತಲೆಯೆತ್ತದೆ, ದಿನವೂ ಎಲ್ಲರನ್ನೂ ಕೇಳುವ ಹಾಗೆ ಕೇಳಿದ: "ಇದನ್ನ ಹಿಡಕೊಂಡ ಬಂದವರು ಯಾರ್ರಿ?"

ಯಮನಪ್ಪ ಮಲಗಿದಲ್ಲಿಂದಲೇ ಡಯಾನಾಳ ಕಡೆ ಕೈ ತೋರಿಸಿದ.

"ಅಕೀನರಿ," ಎಂದ.