ತಣ್ಣನೆಯ ಕಿವಿ

ಗದಗಿನ ಸ್ಟೇಷನ್ ರಸ್ತೆಯಲ್ಲಿ ಎರಡು ಲಾರಿಗಳು ಎದುರುಬದುರು ನಿಂತು ಹಾರ್ನ್ ಬಾರಿಸುತ್ತಿದ್ದವು. ಡ್ರೈವರುಗಳ ಬೈಗುಳಕ್ಕೆ ಓಣಿಯೇ ಕಿವಿ ಮುಚ್ಚಿಕೊಂಡಿತ್ತು. ಕಿಟಕಿಯ ಪಕ್ಕ ಕೂತ ಹಾರ್ಡ್‌ವೇರ್ ವ್ಯಾಪಾರಿ ಮಹಾಂತೇಶ ಹಡಗಲಿ ಮಾತ್ರ ನಿಶ್ಚಿಂತೆಯಿಂದ ಬಾಳೆಹಣ್ಣು ಸುಲಿಯುತ್ತಿದ್ದ.

ಹಿಂದೆಲ್ಲ ಇಂಥ ಗದ್ದಲಕ್ಕೆ ಅವನ ರಕ್ತದೊತ್ತಡ ಗಗನಕ್ಕೇರುತ್ತಿತ್ತು. ಈಗ ಮಾತ್ರೆಯ ಹಂಗಿಲ್ಲ. ಎರಡೂ ಕಿವಿಯೊಳಗೆ ಹೆಸರುಕಾಳಿನಷ್ಟು ಚಿಕ್ಕ ಯಂತ್ರಗಳಿವೆ. ಅವು ಅಲ್ಲಿನ ರಕ್ತನಾಳದ ಮಿಡಿತವನ್ನು ಗಮನಿಸುತ್ತ, ಯಾವ ಸದ್ದಿಗೆ ಒತ್ತಡ ಏರುತ್ತದೆಂದು ಕಲಿಯುತ್ತವೆ. ಆ ಸದ್ದು ಮತ್ತೆ ಬಂದರೆ ಎದುರು ಅಲೆ ಹುಟ್ಟಿಸಿ ಅಳಿಸಿಬಿಡುತ್ತವೆ.

ಈ ಯಂತ್ರಗಳನ್ನು ಕಂಡುಹಿಡಿದ ಡಾ. ಇಂಚರಾ ಮೈಸೂರಿನಿಂದ ಬಂದು ಅವನ ತೋಳಿಗೆ ಅಳತೆಯ ಪಟ್ಟಿ ಸುತ್ತಿದ್ದಳು. ನೂರಿಪ್ಪತ್ತು, ಎಂಬತ್ತು. ಹಿಗ್ಗಬೇಕಾದ ಅಂಕಿ. ಆದರೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಏಕೆಂದರೆ ಏನೋ ಸರಿಯಿಲ್ಲವೆಂದು ಫೋನ್ ಮಾಡಿ ಕರೆಸಿದ್ದು ಅವನ ಹೆಂಡತಿ ನೀಲಾಂಬಿಕಾ.

“ರೀ, ನನಗ ತಲಿ ತಿರಗಾಕತ್ತೇತಿ,” ಎಂದಳು ನೀಲಾಂಬಿಕಾ, ಗಂಡನ ಎದುರಿಗೇ ನಿಂತು. ಅವನು ಹಣ್ಣಿನ ಸಿಪ್ಪೆ ತಟ್ಟೆಗೆ ಹಾಕಿದ.

“ನೋಡಿದ್ರಿಲ್ಲ ಮೇಡಂ? ನನ್ನ ದನಿನ ಕೇಳಸವಲ್ತು. ಮದಲ ‘ಹೂಂ’ ಅಂತರೆ ಅಂತಿದ್ರು.”

ಇಂಚರಾ ತನ್ನ ಫೋನಿನಲ್ಲಿ ಯಂತ್ರದ ದಾಖಲೆ ತೆರೆದು ನೋಡಿದಳು. ಯಂತ್ರ ಕೆಟ್ಟಿರಲಿಲ್ಲ. ಲಾರಿಯ ಹಾರ್ನು, ಗಿರಾಕಿಯ ಚೌಕಾಸಿ, ಕೊನೆಗೆ ಹೆಂಡತಿ, ಹೀಗೆ ಒಂದೊಂದನ್ನೇ ನಿಷ್ಠೆಯಿಂದ ಕಲಿತಿತ್ತು.

“ನಿಮ್ಮ ಕೈ ಕೊಡೀಮ್ಮ,” ಎಂದು ಅವಳ ತೋಳಿಗೂ ಒಂದು ಪಟ್ಟಿ ಸುತ್ತಿದಳು. ನೂರಾ ಎಂಬತ್ತು, ನೂರಾ ಹತ್ತು.

ಗಾಬರಿಯಿಂದ ಇಂಚರಾ ಮಹಾಂತೇಶನ ಯಂತ್ರ ನಿಲ್ಲಿಸಿದಳು. ಹಾರ್ನಿನ ಸದ್ದು ಒಮ್ಮೆಲೇ ನುಗ್ಗಿ ಅವನು ಬೆಚ್ಚಿಬಿದ್ದ.

“ಈಗ ಹೇಳಿ,” ಎಂದಳು ನೀಲಾಂಬಿಕಾಳಿಗೆ.

“ರೀ, ತಲಿ ತಿರಗತೇತಿ. ನಿನ್ನೆ ಬಚ್ಚಲದಾಗ ಬೀಳೋಳಿದ್ದೆ.”

“ಹೂಂ,” ಎಂದ ಮಹಾಂತೇಶ, ಲಾರಿಯ ಕಡೆ ನೋಡುತ್ತ.

ತಾನು ಹತ್ತು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಕೆಲಸವನ್ನು ಜನ ಯಂತ್ರವಿಲ್ಲದೆಯೇ, ಒಂದು ‘ಹೂಂ’ನಲ್ಲಿ, ಎಂದಿನಿಂದಲೂ ಮಾಡಿಕೊಂಡು ಬಂದಿದ್ದಾರೆ! ಇಂಚರಾಳಿಗೆ ಸಿಟ್ಟು ನೆತ್ತಿಗೇರಿತು. ನೀಲಾಂಬಿಕಾಳ ಅಂಕಿಯನ್ನು ಅವನ ಕಣ್ಣೆದುರು ಹಿಡಿದಳು.

“ಇದು ನಿಮ್ಮದಲ್ಲ ಸಾರ್, ನಿಮ್ಮ ಮನೆಯವರದು.”

ಮಹಾಂತೇಶನ ಮುಖ ಬಿಳಿಚಿಕೊಂಡಿತು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. “ಅಯ್ಯ, ಇಷ್ಟ್ಯಾಕ ಏರೇತಿ! ಹಂಗಾರ ಆಕಿಗೂ ಒಂದ್ ಜೋಡಿ ಹಾಕಿಬಿಡ್ರಿ ಮೇಡಂ.”

“ನನಗ ಬ್ಯಾಡ್ರಿ,” ಎಂದಳು ನೀಲಾಂಬಿಕಾ. “ನನಗ ಏರೂದು ಗದ್ದಲಕ್ಕಲ್ಲ, ಇವರು ಸುಮ್ಮನಿರೂದಕ್ಕ. ಅದನ್ನ ಅಳಸೂ ಯಂತ್ರ ಐತೇನ್ರಿ?”

ಹೊರಗೆ ಹಾರ್ನು ನಿಂತಿರಲಿಲ್ಲ. ಮಹಾಂತೇಶ ಎದ್ದು ಕಿಟಕಿ ಮುಚ್ಚಿ, ಹೆಂಡತಿಯ ಎದುರಿಗೆ ಬಂದು ಕೂತ.

“ಯಾವಾಗಿಂದ ತಿರಗತೇತಿ?”

ನೀಲಾಂಬಿಕಾ ಹೇಳತೊಡಗಿದಳು. ಅವನು ಕೇಳಿದಂತೆಲ್ಲ ಅವನ ತೋಳಿನ ಪಟ್ಟಿಯಲ್ಲಿ ಅಂಕಿ ಏರಿತು: ನೂರಾ ಮೂವತ್ತು, ನೂರಾ ನಲವತ್ತು. “ಏಳು, ದವಾಖಾನಿಗೆ ಹೋಗೂಣು,” ಎನ್ನುತ್ತ ಅವನು ಎದ್ದು ನಿಂತ.

ಯಂತ್ರವನ್ನು ಮತ್ತೆ ಚಾಲೂ ಮಾಡಲು ಇಂಚರಾಳ ಬೆರಳು ತಾನಾಗಿಯೇ ಮುಂದಾಯಿತು. ಅವಳು ಕೈ ಹಿಂತೆಗೆದುಕೊಂಡು, ಅವನಿಗೆ ಚಪ್ಪಲಿ ತಂದುಕೊಟ್ಟಳು.